ಹಾಳೆ ಶೆಡ್ಡಿಗೆ ಐದು ವರ್ಷ, ಮತ್ತೆ ನಾನು ಥ್ಯಾಂಕ್ಸ್ ಹೇಳ್ಲೇಬೇಕಾದವರು

ಮೊನ್ನೆ ರೆವಿನ್ಯೂ ಜಿಲ್ಲಾ ಶಾಲಾ ಸ್ಪೋರ್ಟ್ಸ್ ಮೀಟಿನಲ್ಲಿ, ನಾನು ಸಂಜೆ ಓಟ ಕಲಿಸುವ ನಮ್ಮ ಗ್ರೌಂಡಿನ ಹುಡುಗಿ ಒಬ್ಬಳು ಜೂನಿಯರ್ ವಿಭಾಗದ 400 ಮೀಟರ್ ಹರ್ಡಲ್ಸಿನಲ್ಲಿ ಸೆಕೆಂಡ್ ಬಂದ್ಲು. ದಾರಿಯಲ್ಲಿ ಹಾರಿ ದಾಟ್ಬೇಕಾದ ಹತ್ತು ಹರ್ಡಲ್, ಒಂದೂ ಬೀಳ್ಲಿಲ್ಲ. ಅದೇ ವಾರ ನಮ್ಮ ಹಾಳೆ ತಟ್ಟೆ ಯೂನಿಟ್ಟಿಗೆ (ಅಡಿಕೆ ಸೋಗೆಯ ಬುಡದ ಅಗಲ ಹಾಳೆಯನ್ನು ಒತ್ತಿ ಊಟದ ತಟ್ಟೆ ಮಾಡೋದು) ಐದು ವರ್ಷ ತುಂಬಿತು, ಲೋನಿನ ಕೊನೆ ಕಂತೂ ಕಟ್ಟಿ ಆಯ್ತು. ಎರಡೂ ಒಟ್ಟಿಗೇ ಬಂದದ್ದಕ್ಕೋ ಏನೋ ನಿದ್ದೆ ಬರ್ತಾ ಇಲ್ಲ, ಅದಕ್ಕೆ ಕೂತು ಇದನ್ನು ಟೈಪ್ ಮಾಡ್ತಾ ಇದ್ದೇನೆ. ಉದ್ದ ಆಗ್ತದೆ, ದಯವಿಟ್ಟು ಓದಿ, ಇದರಲ್ಲಿ ನಿಮ್ಮಲ್ಲಿ ತುಂಬ ಜನ ಇದ್ದೀರಿ.

ಮೊದಲು ನಮ್ಮ ಪಿಟಿ ಮಾಷ್ಟ್ರು. ನಾನು ಕಾಸರಗೋಡಿನ ಪೆರ್ಲದ ಹತ್ತಿರ ತೋಟದ ನಡುವೆ ಬೆಳೆದವಳು, ಶಾಲೆಗೆ ಹೋಗುವ ದಾರಿಯಲ್ಲಿ ಒಂದು ತೋಡು, ಅಂದ್ರೆ ಸಣ್ಣ ಹಳ್ಳ, ಅದಕ್ಕೆ ಅಡಿಕೆ ಮರದ ಸಂಕ, ಅಂದ್ರೆ ಕಾಲುಸೇತುವೆ. ಮಳೆಗಾಲದಲ್ಲಿ ಸಂಕ ಪಾಚಿ ಹಿಡಿದು ಜಾರ್ತದೆ ಅಂತ ನಾನು ಅದರ ಮೇಲೆ ಹೋಗ್ತಾನೇ ಇರ್ಲಿಲ್ಲ, ಸ್ವಲ್ಪ ಹಿಂದಿನಿಂದ ಓಡಿ ಬಂದು ಬ್ಯಾಗ್ ಸಮೇತ ತೋಡು ಹಾರಿಬಿಡ್ತಿದ್ದೆ. ಅದನ್ನು ಮಾಷ್ಟ್ರು ಒಂದಿನ ನೋಡಿದ್ರು. ಬೈತಾರೆ ಅಂತ ನಿಂತ್ರೆ ಅವರು ಕೇಳಿದ್ದು, "ಯಾವಾಗ್ಲೂ ಅದೇ ಕಾಲು ಮುಂದೆ ಹಾಕ್ತಿಯಾ?" ಅಂತ. ಆ ವಾರವೇ ಮನೆಗೆ ಬಂದು ಅಮ್ಮನ ಹತ್ತಿರ ಮಾತಾಡಿದ್ರು. ಪಿ.ಟಿ. ಉಷಾ ಬಗ್ಗೆ ನಾನು ಕೇಳಿದ್ದೂ ಅವರ ಬಾಯಿಯಿಂದಲೇ. 1984ರ ಮೇ 24ಕ್ಕೆ ನಮ್ಮ ಕಾಸರಗೋಡು ಜಿಲ್ಲೆ ಆದದ್ದು, ಅದೇ ವರ್ಷ ಆಗಸ್ಟಿನಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಉಷಾ 400 ಮೀಟರ್ ಹರ್ಡಲ್ಸ್ ಓಡಿದ್ದು, 55.42 ಸೆಕೆಂಡ್, ಮೂರನೇ ಬಂದವಳದ್ದು 55.41, ಪದಕ ತಪ್ಪಿತು. ಆ ಒಂದು ಪಾಯಿಂಟ್ ಹೇಳುವಾಗ ಮಾಷ್ಟ್ರು ಪ್ರತಿ ಸಲ ಬೆರಳು ಎತ್ತಿ ತೋರಿಸ್ತಿದ್ರು, ನಾನು ಪ್ರತಿ ಸಲ ಹೊಸದಾಗಿ ಬೇಜಾರು ಮಾಡ್ಕೊಳ್ತಿದ್ದೆ.

ಹಾಗೆ ಎಂಟನೇ ಕ್ಲಾಸಿಗೆ ಸ್ಪೋರ್ಟ್ಸ್ ಹಾಸ್ಟೆಲಿಗೆ ಹೋದೆ. ಕನ್ನಡ ಮೀಡಿಯಮ್ಮಿನ ಹುಡುಗಿ, ಅಲ್ಲಿ ಎಲ್ಲ ಮಲಯಾಳ. ಮೊದಲ ತಿಂಗಳು ನನಗೆ ಸರಿಯಾಗಿ ಅರ್ಥ ಆಗ್ತಾ ಇದ್ದದ್ದು "ಒನ್ನು ಕೂಡಿ" ಮಾತ್ರ, ಅಂದ್ರೆ ಇನ್ನೊಮ್ಮೆ ಓಡು ಅಂತ. ರಾತ್ರಿ ಟಾರ್ಚ್ ಹಿಡ್ಕೊಂಡು ನನಗೆ ಮಲಯಾಳ ಅಕ್ಷರ ಬರೆಸಿದ ರೂಮ್‌ಮೇಟ್, ನೀನು ಇದನ್ನು ಯಾರ ಹತ್ತಿರವಾದ್ರೂ ಓದಿಸ್ಕೊಳ್ತೀಯ ಅಂತ ಗೊತ್ತು, ನಿನ್ನಿಂದ ಕಲಿತ ಅಕ್ಷರದಲ್ಲೇ ನಾನು ಇವತ್ತು ಜಿಎಸ್‌ಟಿ ಆಫೀಸಿಗೆ ಅರ್ಜಿ ಬರೆಯೋದು. ಮತ್ತೆ ಅಮ್ಮ. ಸೊಸೈಟಿಗೆ ಹಾಲು ಹಾಕಿ ಬಂದ ದುಡ್ಡಲ್ಲಿ ನನಗೆ ಮೊದಲ ಸ್ಪೈಕ್ ಶೂ ತೆಗೆಸಿಕೊಟ್ಟದ್ದು. ಅಮ್ಮನಿಗೆ ಥ್ಯಾಂಕ್ಸ್ ಹೇಳಿದ್ರೆ "ಎಂತ ಹುಚ್ಚು" ಅಂತಾಳೆ, ಆದ್ರೂ ಇಲ್ಲಿ ಬರೆದಿಡ್ತೇನೆ.

ಓಡುವುದು ನಿಂತ ಕಥೆ ನಾನು ಈವರೆಗೆ ಎಲ್ಲೂ ಪೂರ್ತಿ ಹೇಳ್ಲಿಲ್ಲ. 2016ರಲ್ಲಿ ಒಂದು ಮೀಟಿನಲ್ಲಿ ಏಳನೇ ಹರ್ಡಲ್ ಹತ್ತಿರ, ಅದು ಎರಡನೇ ತಿರುವಿನಲ್ಲಿ ಬರ್ತದೆ, ತೊಡೆಯ ಹಿಂದೆ ಯಾರೋ ಕಲ್ಲು ಹೊಡೆದ ಹಾಗಾಯ್ತು. ಹ್ಯಾಮ್‌ಸ್ಟ್ರಿಂಗ್ ಸ್ನಾಯು ಹರಿದಿತ್ತು. ಅದು ವಾಸಿ ಆಗುವ ಮೊದಲೇ ನನ್ನನ್ನು ಮತ್ತೆ ಟ್ರ್ಯಾಕಿಗೆ ಇಳಿಸಿದ್ರು, ಇಳಿಸಿದವರ ಹೆಸರು ಬೇಡ, ನಾನೂ ಬೇಡ ಅನ್ನಲಿಲ್ಲ, ಸ್ಪೋರ್ಟ್ಸ್ ಕೋಟಾದ ಕೆಲಸಕ್ಕೆ ಆ ವರ್ಷದ ಸರ್ಟಿಫಿಕೇಟ್ ಬೇಕಿತ್ತು. ಅದೇ ಜಾಗ ಮತ್ತೊಮ್ಮೆ ಹರಿಯಿತು. ಸರ್ಟಿಫಿಕೇಟೂ ಇಲ್ಲ, ಕೆಲಸವೂ ಇಲ್ಲ, ಇಪ್ಪತ್ತಮೂರನೇ ವಯಸ್ಸಿಗೆ ಬ್ಯಾಗ್ ಹಿಡ್ಕೊಂಡು ವಾಪಸ್ ಮನೆಗೆ. ಉಪ್ಪಳದ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲಿಂಗಿಗೆ ಕೂತೆ. ಶಾಲೆಯ ಗ್ರೌಂಡ್ ಕಾಣ್ಬಾರ್ದು ಅಂತ ಬಸ್ಸಿಗೆ ಹೋಗ್ಲಿಕ್ಕೆ ಸುತ್ತು ದಾರಿ ಹಿಡಿತಿದ್ದೆ, ಎರಡು ವರ್ಷಕ್ಕೂ ಜಾಸ್ತಿ. ನೀನು ಓಡುವವಳಲ್ವಾ, ಈಗ ಎಂತ ಮಾಡ್ತೀ ಅಂತ ಯಾರಾದ್ರೂ ಕೇಳಿದ್ರೆ ಅವರು ಒಳ್ಳೆ ಮನಸ್ಸಿಂದಲೇ ಕೇಳಿದ್ದು ಅಂತ ಗೊತ್ತಿದ್ರೂ ಆ ದಿನ ಪೂರ್ತಿ ಊಟ ಸೇರ್ತಾ ಇರ್ಲಿಲ್ಲ.

ಹಾಳೆಯ ವಿಷಯ ಎತ್ತಿದ್ದು ದೊಡ್ಡಮ್ಮ. ನಮ್ಮ ಕಡೆ ಹಾಳೆ ಅಂದ್ರೆ ಗೊತ್ತುಂಟಲ್ಲ, ಮುಟ್ಟಾಳೆ ಮಾಡಿ ತಲೆಗೆ ಇಟ್ಕೊಳ್ಳೋದು, ಮಗುವನ್ನು ಅದರಲ್ಲಿ ಮಲಗಿಸಿ ಮೀಯಿಸೋದು, ಮಕ್ಕಳು ಕೂತು ಎಳೆಸಿಕೊಳ್ಳೋದು. ಒಂದು ಮರ ವರ್ಷಕ್ಕೆ ಆರೇಳು ಹಾಳೆ ಹಾಕ್ತದೆ, ದೊಡ್ಡಮ್ಮನ ತೋಟದಲ್ಲಿ ಅರ್ಧಕ್ಕರ್ಧ ಬುಡದಲ್ಲೇ ಕೊಳೀತಿತ್ತು. 2020ರ ಜನವರಿ 1ರಿಂದ ಕೇರಳದಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ನಿಷೇಧ ಅಂತ ಪೇಪರಲ್ಲಿ ಬಂದಾಗ ದೊಡ್ಡಮ್ಮ ಅದನ್ನು ಕತ್ತರಿಸಿ ಇಟ್ಟು, ನಾನು ಹೋದಾಗ ಕೈಗೆ ಕೊಟ್ಟು, "ತೋಟದ ಹಾಳೆ ಎಲ್ಲ ನಿನಗೆ, ದುಡ್ಡು ಆದಾಗ ಕೊಡು" ಅಂದ್ರು. ದೊಡ್ಡಮ್ಮ, ಆ ಪೇಪರಿನ ತುಂಡು ಈಗ್ಲೂ ನನ್ನ ಪರ್ಸಲ್ಲಿ ಉಂಟು.

ಸಣ್ಣ ಉದ್ಯಮ ಶುರು ಮಾಡುವವರಿಗೆ ಕೇಂದ್ರ ಸರ್ಕಾರದ ಸಬ್ಸಿಡಿ ಸಿಗುವ ಪಿಎಂಇಜಿಪಿ ಲೋನಿಗೆ ಹಾಕಿದೆ. ಹಳ್ಳಿಯ ಹೆಂಗಸರಿಗೆ ಅದರಲ್ಲಿ ಆಗ ನೂರಕ್ಕೆ 35 ಸಬ್ಸಿಡಿ, ಕೈಯಿಂದ ಹಾಕ್ಬೇಕಾದ್ದು ನೂರಕ್ಕೆ 5 ಮಾತ್ರ. ಒಂದು ಬ್ಯಾಂಕಿನಲ್ಲಿ ಎರಡು ಸಲ ಪೇಪರ್ ವಾಪಸ್ ಕೊಟ್ರು. ಜಿಲ್ಲಾ ಉದ್ಯಮ ಕೇಂದ್ರದ ಒಬ್ಬ ಆಫೀಸರ್ ನನ್ನ ಪ್ರಾಜೆಕ್ಟ್ ರಿಪೋರ್ಟನ್ನು ತಾನೇ ಕೂತು ಮಲಯಾಳದಲ್ಲೂ ಇಂಗ್ಲಿಷಲ್ಲೂ ಸರಿ ಮಾಡಿಸಿದ್ರು, ಊಟದ ಹೊತ್ತು ಕಳೆದಿತ್ತು, ಎದ್ದೇಳ್ಲಿಲ್ಲ. ಸರ್, ನಿಮಗೆ ನೆನಪು ಉಂಟೋ ಇಲ್ವೋ, ನನಗೆ ಉಂಟು.

ಬೇರೆ ಬ್ಯಾಂಕಿನಲ್ಲಿ ಲೋನ್ ಪಾಸಾಗಿ ಮೆಷಿನಿಗೆ ಅಡ್ವಾನ್ಸ್ ಕೊಟ್ಟೆ, ಲಾಕ್‌ಡೌನ್ ಬಂತು. ಕರ್ನಾಟಕದವರು ತಲಪಾಡಿ ಗಡಿ ಮುಚ್ಚಿ, ಕೆಲವು ಕಡೆ ರೋಡಿಗೇ ಮಣ್ಣು ಹಾಕಿದ್ದು ನಮ್ಮವರು ಯಾರೂ ಮರೆಯೋದಿಲ್ಲ, ಆಸ್ಪತ್ರೆಗೆ ಮಂಗಳೂರನ್ನೇ ನಂಬಿದ ನಮಗೆ ಅದು ಎಂಥ ದಿನಗಳು. ಅದರ ಎದುರು ನನ್ನ ಕಷ್ಟ ದೊಡ್ಡದಲ್ಲ, ಆದ್ರೂ ಹೇಳ್ತೇನೆ, ತಟ್ಟೆ ಒತ್ತುವ ಅಚ್ಚು, ಅಂದ್ರೆ ಡೈ, ಮಂಗಳೂರಲ್ಲಿ, ಶೆಡ್ ಇಲ್ಲಿ, ತಿಂಗಳುಗಟ್ಟಲೆ ಖಾಲಿ ಶೆಡ್ಡಿನಲ್ಲಿ ಒಬ್ಬಳೇ ಕೂತಿದ್ದೇನೆ. ಆ ವರ್ಷದ ಕೊನೆಗೆ ಮೊದಲ ತಟ್ಟೆ ಹೊರಗೆ ಬಂತು.

ಕುಟುಂಬಶ್ರೀಯ (ಕೇರಳ ಸರ್ಕಾರದ ಹೆಂಗಸರ ಸ್ವಸಹಾಯ ಸಂಘ) ನಾಲ್ಕು ಜನ ಅಕ್ಕಂದಿರು ಅವತ್ತಿಂದ ಇವತ್ತಿನವರೆಗೆ ನನ್ನೊಟ್ಟಿಗೆ ಇದ್ದಾರೆ. ಅವರಲ್ಲಿ ಹಿರಿಯವರ ಒಂದು ವಿಷಯ ಹೇಳ್ಲೇಬೇಕು. ಹಾಳೆಯನ್ನು ನೀರಲ್ಲಿ ನೆನೆಸಿ ಪ್ರೆಸ್ಸಿಗೆ ಇಡೋದಲ್ವಾ, ಒಣಗಿದ್ದು ಜಾಸ್ತಿಯಾದ್ರೆ ಡೈ ಇಳಿಯುವಾಗ ಟಕ್ ಅಂತ ಸೀಳ್ತದೆ, ನೀರು ಜಾಸ್ತಿಯಾದ್ರೆ ಆಮೇಲೆ ಬೂಸ್ಟು ಹಿಡೀತದೆ. ನಾನು ಗಡಿಯಾರ ಇಟ್ಟು ಲೆಕ್ಕ ಮಾಡ್ತಿದ್ದೆ, ದಿನಕ್ಕೆ ಎಷ್ಟೋ ಹಾಳೆ ಸೀಳ್ತಿತ್ತು. ಅಕ್ಕ ಗಡಿಯಾರ ನೋಡೋದೇ ಇಲ್ಲ. ಹಾಳೆಯ ದಪ್ಪ ಕಡೆ ಹೆಬ್ಬೆರಳು ಇಟ್ಟು ನಿಧಾನ ಬಗ್ಗಿಸ್ತಾರೆ, ಕಿವಿ ಹತ್ತಿರ ತರ್ತಾರೆ, ನಾರು ಸಣ್ಣಗೆ ಚರ್ ಅಂದ್ರೆ "ಇದಕ್ಕೆ ಆಗ್ಲಿಲ್ಲ ಮಗಾ, ಇನ್ನು ಸ್ವಲ್ಪ ಇರ್ಲಿ" ಅಂತ ವಾಪಸ್ ನೀರಿಗೆ. ಹಾಗೆ ಅವರು ಹೇಳಿದ ಒಂದು ದಿನ ನಾನು ಶೆಡ್ಡಿನ ಹಿಂದೆ ಹೋಗಿ ತುಂಬ ಅತ್ತಿದ್ದೇನೆ, ಅವರಿಗೆ ಇವತ್ತಿನವರೆಗೆ ಗೊತ್ತಿಲ್ಲ. ನನ್ನ ಕಾಲನ್ನು ಆವಾಗ ಯಾರಾದ್ರೂ ಒಬ್ಬರು ಹೀಗೆ ಮುಟ್ಟಿ ನೋಡಿ, ಇದಕ್ಕೆ ಆಗ್ಲಿಲ್ಲ, ಇನ್ನು ಸ್ವಲ್ಪ ಇರ್ಲಿ ಅಂದಿದ್ರೆ ಅಂತ.

ಅದೇ ಮಾತು ಕೊನೆಗೆ ನನ್ನನ್ನು ಗ್ರೌಂಡಿಗೆ ಕರ್ಕೊಂಡು ಹೋದದ್ದು. ರಿಟೈರಾದ ಪಿಟಿ ಮಾಷ್ಟ್ರು ತಟ್ಟೆ ತಗೊಳ್ಳುವ ನೆಪದಲ್ಲಿ ಬಂದು ಬಂದು ಸಂಜೆ ಒಂದು ಗಂಟೆ ಮಕ್ಕಳ ಹತ್ತಿರ ನಿಲ್ಲು ಅಂತಿದ್ರು, ನಾನು ಆರ್ಡರ್ ಉಂಟು, ಕರೆಂಟ್ ಇಲ್ಲ ಅಂತ ತಪ್ಪಿಸ್ಕೊಳ್ತಿದ್ದೆ. ಅಕ್ಕನ ಹೆಬ್ಬೆರಳು ನೋಡಿದ ಮೇಲೆ ತಪ್ಪಿಸ್ಕೊಳ್ಲಿಕ್ಕೆ ಆಗ್ಲಿಲ್ಲ. ಮೊದಲ ದಿನ ಏಳು ಮಕ್ಕಳು, ಬರಿಗಾಲು, ಕೆಂಪು ಮುರ ಮಣ್ಣಿನ ಗ್ರೌಂಡ್. ಆ ದಿನ ನಾನು ಓಡಿಸಿದ್ದು ಇಲ್ಲವೇ ಇಲ್ಲ ಅನ್ಬಹುದು, ಬರೀ ವಾರ್ಮ್‌ಅಪ್. ಮನೆಗೆ ಹೋಗುವಾಗ ಆ ಹಳೇ ಸುತ್ತು ದಾರಿ ಬಿಟ್ಟು ಗ್ರೌಂಡ್ ಬದಿಯಿಂದಲೇ ನಡೆದೆ.

ಆಮೇಲೆ ಸರಿಯಾಗಿ ಕಲೀಬೇಕು ಅಂತ ಕೋಚ್‌ಗಳಿಗೆ ತರಬೇತಿ ಕೊಡುವ ಪಟಿಯಾಲದ ಎನ್‌ಐಎಸ್‌ನಲ್ಲಿ ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಮಾಡಿ ಬಂದೆ. ಆ ಆರು ವಾರ ಶೆಡ್ ನಡೆಸಿದ್ದು ಅಕ್ಕಂದಿರು, ಒಂದು ಆರ್ಡರ್ ತಪ್ಪಲಿಲ್ಲ, ದಿನಾ ರಾತ್ರಿ ವಾಟ್ಸಾಪಲ್ಲಿ ಲೆಕ್ಕದ ಫೋಟೋ. ಗಾಯ ಆದ ಸ್ನಾಯುವನ್ನು ಹಂತ ಹಂತವಾಗಿ ಹೇಗೆ ಮತ್ತೆ ಕೆಲಸಕ್ಕೆ ತರೋದು ಅಂತ ಅಲ್ಲಿ ಹೇಳಿದ್ದನ್ನು ನೋಟ್ಸಿನಲ್ಲಿ ಎರಡೆರಡು ಸಲ ಬರ್ಕೊಂಡಿದ್ದೇನೆ.

ಹರ್ಡಲ್ ನಮ್ಮ ಹತ್ತಿರ ಇರ್ಲಿಲ್ಲ. ತೋಟದವರೊಬ್ಬರು ಬಿದ್ದ ಅಡಿಕೆ ಮರ ಸೀಳಿ ಪಟ್ಟಿ ಮಾಡಿಸಿಕೊಟ್ರು, ಎರಡು ಕಾಲು ನೆಟ್ಟು ಮೇಲೆ ಅಡ್ಡ ಪಟ್ಟಿ ಸುಮ್ಮನೆ ಇಟ್ಟದ್ದು, ಕಾಲು ತಾಗಿದ್ರೆ ಬೀಳ್ಬೇಕು, ಮಗುವಿಗೆ ಏಟಾಗ್ಬಾರ್ದು. ಎತ್ತರ 76.2 ಸೆಂಟಿಮೀಟರ್, ಟೇಪ್ ಹಿಡಿದು ನೋಡಿದ್ದು. ಗೊತ್ತಿಲ್ಲದವರಿಗೆ ಹೇಳ್ತೇನೆ, ಮೊದಲ ಹರ್ಡಲಿಗೆ 45 ಮೀಟರ್, ಆಮೇಲೆ 35 ಮೀಟರಿಗೆ ಒಂದೊಂದು, ಕೊನೆಯದ್ದು ದಾಟಿ ಇನ್ನೂ 40 ಮೀಟರ್ ಓಡ್ಲಿಕ್ಕುಂಟು. ನಡುವಿನ ಹೆಜ್ಜೆ ಬೆಸ ಸಂಖ್ಯೆಯಲ್ಲಿ ಬಂದ್ರೆ ಪ್ರತಿ ಸಲ ಅದೇ ಕಾಲು ಮುಂದೆ ಬರ್ತದೆ. ಮಾಷ್ಟ್ರು ತೋಡಿನ ಹತ್ತಿರ ಕೇಳಿದ್ದು ಅದನ್ನೇ.

2025ರ ಮೇ ತಿಂಗಳು ನಿಮಗೆಲ್ಲ ಗೊತ್ತುಂಟು. ಅಡಿಕೆ ಹಾಳೆಯ ತಟ್ಟೆ ನಮಗೆ ಬೇಡ ಅಂತ ಅಮೆರಿಕದ ಆಹಾರ-ಔಷಧ ಇಲಾಖೆ ಎಫ್‌ಡಿಎ ತಡೆ ಹಾಕಿತು, ನಮ್ಮ ಮಾಲು ತಗೊಳ್ತಿದ್ದ ಎಕ್ಸ್‌ಪೋರ್ಟಿನವರು ಫೋನ್ ಮಾಡಿ ಇನ್ನು ಕಳಿಸ್ಬೇಡಿ ಅಂದ್ರು. ಶೆಡ್ಡಿನಲ್ಲಿ ಗೋಡೆ ತುಂಬ ಕಟ್ಟು ಕಟ್ಟು ತಟ್ಟೆ, ಹೊರಗೆ ಮಳೆ ಶುರು. ಅಕ್ಕಂದಿರಿಗೆ ಸಂಬಳ ಹೇಗೆ ಅಂತ ನಾನು ಗ್ರೌಂಡಿಗೆ ಹೋಗೋದೂ ನಿಲ್ಲಿಸಿದ್ದೆ. ನಾಲ್ಕನೇ ದಿನ ಸಂಜೆ ಆ ಮಕ್ಕಳ ಅಪ್ಪ ಅಮ್ಮಂದಿರು ಬಂದ್ರು. ಒಬ್ಬರು ಅಡುಗೆ ಕಾಂಟ್ರಾಕ್ಟಿನವರು, ಒಬ್ಬರ ಕೈಯಲ್ಲಿ ಮದುವೆ ಹಾಲ್, ಒಬ್ಬರು ಮಸೀದಿ ಕಮಿಟಿ, ಒಬ್ಬರು ದೈವಸ್ಥಾನದ ನೇಮದ ಕಮಿಟಿ. ಅದರಲ್ಲಿ ಒಬ್ಬರು ಹೇಳಿದ ಮಾತು ಹಾಗೇ ಬರೀತೇನೆ, "ಟೀಚರೇ, ಅಮೆರಿಕದವರು ಉಣ್ಣದಿದ್ರೆ ಬೇಡ, ನಮ್ಮ ಊರಿನವರು ಉಣ್ತಾರೆ." ಮದುವೆ, ಉರೂಸ್, ನೇಮ, ಶಾಲೆ ವಾರ್ಷಿಕೋತ್ಸವ, ಹೀಗೆ ಎಲ್ಲ ಸಣ್ಣ ಸಣ್ಣ ಆರ್ಡರ್. ಸೆಪ್ಟೆಂಬರಿಗೆ ಗೋಡೆ ಕಾಣ್ಲಿಕ್ಕೆ ಶುರುವಾಯ್ತು. ನಿಮ್ಮ ಋಣ ನಾನು ಹೇಗೆ ತೀರಿಸ್ಲಿ ಗೊತ್ತಿಲ್ಲ, ನಿಮ್ಮ ಮಕ್ಕಳ ಕಾಲನ್ನು ನನ್ನ ಕಾಲಿಗಿಂತ ಜಾಸ್ತಿ ಜೋಪಾನ ಮಾಡ್ತೇನೆ, ಅಷ್ಟು ಮಾತ್ರ ಮಾತು ಕೊಡಬಲ್ಲೆ.

ಮೊನ್ನೆಯ ರೇಸಿನ ಮೂರು ವಾರ ಮೊದಲು ಈ ಹುಡುಗಿಗೆ ತೊಡೆ ಹಿಂದೆ ಸಣ್ಣ ಹಿಡಿತ ಬಂದಿತ್ತು. ಅವಳು ಏನೂ ಇಲ್ಲ ಟೀಚರ್, ಓಡ್ತೇನೆ ಅಂದ್ಲು, ನಾನೂ ಹಾಗೇ ಹೇಳಿದವಳಲ್ವಾ. ಒಂಬತ್ತು ದಿನ ಓಡ್ಲಿಕ್ಕೆ ಬಿಡ್ಲಿಲ್ಲ. ಅತ್ತಳು, ಮುನಿಸಿಕೊಂಡಳು, ದಿನಾ ಬಂದು ಗ್ರೌಂಡಿನ ಕಟ್ಟೆಯಲ್ಲಿ ಕೂತಳು. ಹತ್ತನೇ ದಿನ ಅರ್ಧ ವೇಗದಲ್ಲಿ ನಾಲ್ಕು ಸುತ್ತು. ಮೀಟಿನ ದಿನ ಏಳನೇ ಹರ್ಡಲ್ ಬರುವಾಗ ನನಗೆ ನೋಡ್ಲಿಕ್ಕೆ ಆಗದೆ ತಲೆ ತಗ್ಗಿಸಿದೆ, ಪಕ್ಕದಲ್ಲಿ ಕೊಡೆ ಹಿಡ್ಕೊಂಡು ನಿಂತಿದ್ದ ಮಾಷ್ಟ್ರು ನನ್ನ ಕೈ ಹಿಡಿದು "ದಾಟಿದ್ಲು, ದಾಟಿದ್ಲು" ಅಂದ್ರು. ಅದೇ ಕಾಲು ಮುಂದೆ. ನಾನು ಓಡಿ ಗೆದ್ದ ಯಾವ ದಿನವೂ ಹೀಗೆ ಹೊಟ್ಟೆ ತುಂಬಿದ್ದು ನೆನಪಿಲ್ಲ, ಸತ್ಯವಾಗಿ ಹೇಳ್ತೇನೆ.

ಮಾಷ್ಟ್ರೇ, ದೊಡ್ಡಮ್ಮ, ಅಮ್ಮ, ಅಕ್ಕಂದಿರೇ, ಮಕ್ಕಳ ಮನೆಯವರೇ, ತುಂಬ ತುಂಬ ಥ್ಯಾಂಕ್ಸ್. ಬರುವ ಭಾನುವಾರ ಶೆಡ್ಡಿನಲ್ಲಿ ಪಾಯಸದ ಊಟ, ನಮ್ಮದೇ ತಟ್ಟೆಯಲ್ಲಿ, ಇದನ್ನೇ ಕರೆಯೋಲೆ ಅಂತ ತಿಳ್ಕೊಂಡು ಎಲ್ಲರೂ ಬರ್ಬೇಕು. ಮತ್ತೆ ಯಾರ ಮನೆಯಲ್ಲಾದ್ರೂ ಮಕ್ಕಳ ಹಳೆ ಸ್ಪೈಕ್, 4ರಿಂದ 6ರ ಸೈಜಿನದ್ದು, ಸುಮ್ಮನೆ ಇದ್ರೆ ಬರುವಾಗ ತನ್ನಿ, ಈಗ ಗ್ರೌಂಡಿಗೆ ಇಪ್ಪತ್ತೆರಡು ಮಕ್ಕಳು ಬರ್ತಾ ಇದ್ದಾರೆ.