ಮಂಗಳೂರಿನ ಹಳೇ ಬಂದರಿಗೆ ನಾಲ್ಕು ಬೋರ್ಡ್ ಹಾಕಿಸಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ರಜೆಗೆ ಹೋಗಬಹುದಾದ ಊರುಗಳ ಪಟ್ಟಿ ಇತ್ತು. ಮಂಗಳೂರು ಅಂದರೆ ಪಣಂಬೂರು ಬೀಚ್, ಪಿಲಿಕುಳ, ಕೊನೆಗೆ ಐಸ್‌ಕ್ರೀಂ. ತಪ್ಪೇನಿಲ್ಲ, ನಾವೂ ತಿಂದೇ ಬಂದವರು. ಆದರೆ ಆ ಊರನ್ನು ಬೆಳೆಸಿದ ಹಳೇ ಬಂದರಿನ ಹೆಸರೇ ಅದರಲ್ಲಿ ಇರಲಿಲ್ಲ.

ಜನವರಿಯಲ್ಲಿ ಅಪ್ಪ, ಹೆಂಡತಿ, ಮಕ್ಕಳ ಜೊತೆ ಸಾಗರದಿಂದ ಹೋಗಿದ್ದೆ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದ ಹತ್ತಿರ ಆಟೊದವರನ್ನು ಕೇಳಿದರೆ, "ಬಂದರಿಗಾ? ಅಲ್ಲಿ ನೋಡ್ಲಿಕ್ಕೆ ಎಂತ ಉಂಟು ಮಾರಾಯ್ರೆ?" ಅಂದರು. ಹತ್ತಿಸಿಕೊಂಡರು ಅನ್ನಿ. ನಡೆದೇ ಹೋಗಬಹುದಿತ್ತು ಅಂತ ಇಳಿದ ಮೇಲೆ ಗೊತ್ತಾಯಿತು.

ಎಂತ ಉಂಟು ಅಂತ ಹೇಳುತ್ತೇನೆ. ಮೊದಲು ವಾಸನೆ. ಒಣಮೀನು, ಒಣಮೆಣಸಿನಕಾಯಿ, ಗೋಣಿಚೀಲ ಎಲ್ಲ ಸೇರಿದ್ದು. ಕಿರಿದಾದ ರಸ್ತೆ, ಎರಡೂ ಕಡೆ ಸಗಟು ಅಂಗಡಿ, ನಡುವೆ ಮುಖಕ್ಕೆ ಮುಖ ಕೊಟ್ಟು ನಿಂತ ಎರಡು ಲಾರಿ. ಅದು ದಾಟಿದರೆ ನೀರು, ನೀರಿನ ಮೇಲೆ ಮಂಜಿಗಳು. ಮಂಜಿ ಅಂದರೆ ಸರಕು ಸಾಗಿಸುವ ದೊಡ್ಡ ಮರದ ಹಡಗು. ಲಕ್ಷದ್ವೀಪಕ್ಕೆ ಈಗಲೂ ಇಲ್ಲಿಂದ ಸಾಮಾನು ಹೋಗುತ್ತದೆ. ನಾವು ನೋಡಿದ ಮಂಜಿಯ ಹೊಟ್ಟೆಗೆ ಜಲ್ಲಿ ಸುರಿಯುತ್ತಿದ್ದರು. ಮೇಲೆ ಈರುಳ್ಳಿ ಮೂಟೆ. ಮೂಟೆಗಳ ಸಂದಿಯಲ್ಲಿ ಒಂದು ಗುಲಾಬಿ ಬಣ್ಣದ ಚಿಕ್ಕ ಸೈಕಲ್, ಸುತ್ತಿದ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ. ನನ್ನ ಮಗಳು ಅಲ್ಲಿಂದ ಕದಲಲೇ ಇಲ್ಲ. ಸೈಕಲ್ ಯಾರದ್ದು, ಯಾವ ದ್ವೀಪದ್ದು, ಅಲ್ಲಿ ರಸ್ತೆ ಇದೆಯಾ, ಒಂದೇ ಸಮ ಪ್ರಶ್ನೆ.

ಹೋಗುವ ಮೊದಲು ಸ್ವಲ್ಪ ಓದಿಕೊಂಡಿದ್ದೆ. ಹನ್ನೆರಡನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಯೆಮೆನ್‌ನ ಏಡನ್ ಕಡೆಯಿಂದ ಬಂದು ಇಲ್ಲಿ ಸುಮಾರು 17 ವರ್ಷ ಇದ್ದ. ಆಶು ಎಂಬ ಇಲ್ಲಿನ ಹೆಂಗಸಿನ ಜೊತೆ ಸಂಸಾರ ಮಾಡಿದ. ಅವನ ಕೆಲಸದ ಆಳಿನ ಹೆಸರು ಬೊಮ್ಮ. ಬೆನ್ ಯಿಜುಗೆ ಬಂದ ಪತ್ರಗಳು ಕೈರೋದ ಒಂದು ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಸಿಕ್ಕಿವೆ. ಅವನು ಮಾರುತ್ತಿದ್ದ ಸರಕಿನಲ್ಲಿ ಮೆಣಸು, ಏಲಕ್ಕಿ ಮಾತ್ರವಲ್ಲ, ಅಡಿಕೆಯೂ ಇತ್ತು ಅಂದೆ. ಅಪ್ಪನ ಕಿವಿ ನೆಟ್ಟಗಾಯಿತು. ನಾವು ತೋಟದವರು. ಅವರು ಸೀದಾ ಎದುರಿನ ಅಡಿಕೆ ಮಂಡಿಗೆ ಹೋಗಿ ಚಾಲಿ (ಸಿಪ್ಪೆ ಸಮೇತ ಒಣಗಿಸಿ ಸುಲಿದ ಅಡಿಕೆ) ಧಾರಣೆ ಕೇಳಿಕೊಂಡು ಬಂದರು!

ಅಲ್ಲಿಂದ ದೋಣಿ ನಿಲ್ಲುವ ಧಕ್ಕೆಗೆ ಹೋಗಿ, ಆಚೆ ದಡದ ಕಸಬಾ ಬೆಂಗ್ರೆಗೆ ಜನರನ್ನು ದಾಟಿಸುವ ದೋಣಿ ಹತ್ತಿದೆವು. ನೇತ್ರಾವತಿ, ಗುರುಪುರ ಎರಡೂ ಹೊಳೆ ಸೇರಿ ಸಮುದ್ರಕ್ಕೆ ಬೀಳುವ ಜಾಗಕ್ಕೆ ಅಲ್ಲಿ ಅಳಿವೆಬಾಗಿಲು ಅನ್ನುತ್ತಾರೆ. ಹೊಳೆ ತಂದು ಹಾಕುವ ಮರಳಿನಿಂದ ಅಲ್ಲಿ ಆಳ ಕಡಿಮೆ. ದೊಡ್ಡ ಹಡಗುಗಳು ದೂರದಲ್ಲೇ ಲಂಗರು ಹಾಕಬೇಕಾಗುತ್ತಿತ್ತು. 1970ರ ದಶಕದಲ್ಲಿ ಪಣಂಬೂರಿನ ಹೊಸ ಬಂದರು ಬಂದ ಮೇಲೆ ಅವೆಲ್ಲ ಆ ಕಡೆ ಹೋದವು. ಇದನ್ನು ಒಂದು ಫಲಕದಲ್ಲಿ ಬರೆದಿದ್ದರೆ ಅಷ್ಟು ಹೊತ್ತು ಫೋನ್ ತಡಕುವುದು ತಪ್ಪುತ್ತಿತ್ತು.

ನನ್ನ ತಕರಾರು ಇಷ್ಟೇ. ನಾವು ಓಡಾಡಿದ ಬೀದಿಗಳಲ್ಲಿ ಈ ಕತೆ ಹೇಳುವ ಒಂದು ಬೋರ್ಡೂ ಕಾಣಲಿಲ್ಲ. ಹಾಗಂತ ಬಂದರನ್ನು "ಅಭಿವೃದ್ಧಿ" ಮಾಡಿ ಅಂತ ನಾನು ಕೇಳುತ್ತಿಲ್ಲ, ದಯವಿಟ್ಟು. ಟೈಲ್ಸ್ ಹಾಸಿ, ಸೆಲ್ಫಿ ಪಾಯಿಂಟ್ ಇಟ್ಟು, ಹಮಾಲಿಗಳನ್ನೂ ಮಂಡಿಗಳನ್ನೂ ಬೇರೆ ಕಡೆ ಕಳಿಸಿದರೆ ಆಮೇಲೆ ನೋಡಲಿಕ್ಕೆ ನಿಜವಾಗಿಯೂ ಎಂತದ್ದೂ ಇರುವುದಿಲ್ಲ. ನಾಲ್ಕಾರು ಕಡೆ ಕನ್ನಡದಲ್ಲಿ ಬರೆದ ಬೋರ್ಡ್ ಸಾಕು. ಬೇಕಿದ್ದರೆ ಅಲ್ಲಿನ ತುಳು, ಬ್ಯಾರಿಯಲ್ಲೂ ಇರಲಿ. ಒಂದು ಮಂಜಿಯ ಬಗ್ಗೆ, ಒಂದು ಬೆನ್ ಯಿಜು ಬಗ್ಗೆ, ಒಂದು ಅಳಿವೆಬಾಗಿಲಿನ ಬಗ್ಗೆ. ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1865ರಲ್ಲಿ ಶುರು ಮಾಡಿದ ಹೆಂಚಿನ ಕಾರ್ಖಾನೆ ಬಗ್ಗೆ ಒಂದು. ಆ ಹೆಂಚು ನಮ್ಮ ಅಜ್ಜನ ಮನೆ ಮಾಡಿನ ಮೇಲೂ ಇತ್ತು. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವಾಗ ಕೆಳಗೆ ನಿಂತು ಅದರ ಮೇಲಿನ ಇಂಗ್ಲಿಷ್ ಅಚ್ಚನ್ನು ಕೂಡಿಸಿಕೊಂಡು ಓದುತ್ತಿದ್ದೆ. ಇನ್ನು 1843ರಲ್ಲಿ ಇದೇ ಊರಿನಲ್ಲಿ ಅದೇ ಮಿಷನ್‌ನ ಮೋಗ್ಲಿಂಗ್ ಹೊರತಂದ ಕನ್ನಡದ ಮೊದಲ ಪತ್ರಿಕೆ "ಮಂಗಳೂರ ಸಮಾಚಾರ"ದ ಬಗ್ಗೆ ಪತ್ರಿಕೆಯವರಿಗೆ ನಾನು ಹೇಳಬೇಕಾ?

ಜಾಸ್ತಿ ಖರ್ಚಿನ ಕೆಲಸವಲ್ಲ ಇದು. ಮಳೆಗಾಲದಲ್ಲಿ ಮಂಜಿಗಳು ಹೊರಡುವುದಿಲ್ಲ, ಬಂದರಿಗೂ ಸ್ವಲ್ಪ ಬಿಡುವು. ಸಂಬಂಧಪಟ್ಟವರು ಆಗ ಕೂತು ಬರೆಸಿದರೆ, ಮಳೆ ನಿಂತು ಮೊದಲ ಮಂಜಿಗೆ ಸರಕು ತುಂಬುವ ಹೊತ್ತಿಗೆ ನೆಟ್ಟು ಮುಗಿಸಬಹುದು.

ಇಂತಿ,
ನಿಮ್ಮ ಓದುಗ,
ಸಾಗರ