ಗೋಡೆ ಸುಟ್ಟರೆ ಮಾತ್ರ ನಷ್ಟವೇ?

ಮಾನ್ಯ ಸಂಪಾದಕರೇ,

ಕೋವಿಡ್ ಲಾಕ್‌ಡೌನಿನ ನಷ್ಟಕ್ಕೆ ಹೋಟೆಲ್ ಮಾಲೀಕರು ಹಾಕಿ ತಿರಸ್ಕೃತವಾದ ವಿಮಾ ಕ್ಲೇಮುಗಳ ಕುರಿತು ನಮ್ಮ ನಗರದಲ್ಲಿ ನಡೆದ ಸಭೆಯ ವರದಿ ನಿನ್ನೆಯ ನಿಮ್ಮ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಷರತ್ತುಗಳನ್ನು ಓದದೆ ಸಹಿ ಹಾಕಿದವರು ಈಗ ಕಂಪನಿಯನ್ನು ದೂರಿ ಪ್ರಯೋಜನವಿಲ್ಲ ಎಂದು ವೇದಿಕೆಯ ಮೇಲಿದ್ದ ಅಧಿಕಾರಿಗಳು ನೀಡಿದ ಉಪದೇಶವನ್ನು ನೀವು ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದೀರಿ. ಸಭೆಯಲ್ಲಿ ನಾನೂ ಇದ್ದೆ. ಉಪದೇಶ ಮುಗಿದ ಕೂಡಲೇ ಅವರು ಬೇರೊಂದು ಕಾರ್ಯಕ್ರಮವಿದೆಯೆಂದು ಎದ್ದು ನಡೆದದ್ದು, ವ್ಯಾಪಾರ ಬಿಟ್ಟು ಅಹವಾಲು ಹಿಡಿದು ಬಂದಿದ್ದ ನಮ್ಮಲ್ಲಿ ಯಾರ ಕೈಗೂ ಮೈಕು ಬಾರದೇ ಹೋದದ್ದು ಮಾತ್ರ ವರದಿಯಲ್ಲಿಲ್ಲ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾವು ಹೋಟೆಲುಗಳ ಬಾಗಿಲು ಹಾಕಿದ್ದು ಸ್ವಂತ ಇಚ್ಛೆಯಿಂದಲ್ಲ. 2020ರ ಮಾರ್ಚ್ 24ರ ಮಧ್ಯರಾತ್ರಿಯಿಂದ ವಿಪತ್ತು ನಿರ್ವಹಣಾ ಕಾಯ್ದೆಯಡಿ ಇಡೀ ದೇಶವನ್ನೇ ಮುಚ್ಚಲಾಯಿತು. ಗ್ರಾಹಕರನ್ನು ಮತ್ತೆ ಒಳಗೆ ಕೂರಿಸಲು ಅನುಮತಿ ಸಿಕ್ಕಿದ್ದು ಜೂನ್ 8ರಂದು. ಸುಧಾರಿಸಿಕೊಳ್ಳುವಷ್ಟರಲ್ಲಿ 2021ರ ಏಪ್ರಿಲ್ ಅಂತ್ಯಕ್ಕೆ ಎರಡನೇ ಸಲ ಬೀಗ ಬಿತ್ತು. ಮಳಿಗೆಯ ಮಾಲೀಕರು ಬಾಡಿಗೆಯನ್ನು ಮುಂಗಡದಲ್ಲಿ ಮುರಿದುಕೊಂಡರು. ಬ್ಯಾಂಕು ಸಾಲದ ಕಂತನ್ನು ಮುಂದೂಡಿತೇ ಹೊರತು ಬಡ್ಡಿಯನ್ನು ಬಿಡಲಿಲ್ಲ. ತರಿಸಿಟ್ಟಿದ್ದ ಬೆಣ್ಣೆ ಕೆಡುವ ಮೊದಲು ಕಾಯಿಸಿ, ಓಣಿಯವರಿಗೆಲ್ಲ ತುಪ್ಪ ಹಂಚಿದೆವು. ಊರಿಗೆ ಹೋದ ದೋಸೆ ಭಟ್ಟರನ್ನು ಮುಂಗಡ ಸಂಬಳ ಕೊಟ್ಟು ಕರೆಸಿಕೊಂಡರೆ, ಅವರು ಬಂದು ಒಲೆ ಹೊತ್ತಿಸುವ ಹೊತ್ತಿಗೆ ವಾರಾಂತ್ಯದ ಕರ್ಫ್ಯೂ ಜಾರಿಯಾಯಿತು.

ಇಂಥ ದಿನಗಳಿಗೆಂದೇ ನಾನು ಅಗ್ನಿ ವಿಮೆಯ ಜೊತೆಗೆ ಲಾಸ್ ಆಫ್ ಪ್ರಾಫಿಟ್ ಪಾಲಿಸಿಯನ್ನೂ ಮಾಡಿಸಿದ್ದೆ. ಯಾವ ಕಾರಣಕ್ಕೆ ವ್ಯಾಪಾರ ನಿಂತರೂ ತಿಂಗಳ ಲಾಭ ಕೈ ಸೇರುತ್ತದೆ ಎಂದು ಹೇಳಿಯೇ ಅದನ್ನು ನನಗೆ ಮಾರಲಾಗಿತ್ತು. ಪ್ರೀಮಿಯಂ, ಅದರ ಮೇಲೆ ಶೇ 18ರ ಜಿಎಸ್‌ಟಿ, ಎರಡನ್ನೂ ಗಡುವು ತಪ್ಪದೆ ಕಟ್ಟಿದ್ದೇನೆ. ಕ್ಲೇಮು ಹಾಕಿದ ಮೇಲೆ ಬಂದ ಉತ್ತರದ ಸಾರಾಂಶವಿಷ್ಟು: ಕಟ್ಟಡಕ್ಕಾಗಲಿ ದಾಸ್ತಾನಿಗಾಗಲಿ ಬೆಂಕಿ, ಪ್ರವಾಹ ಮುಂತಾದವುಗಳಿಂದ ಭೌತಿಕ ಹಾನಿಯಾಗಿ, ಆ ಹಾನಿಗೆ ಅಗ್ನಿ ವಿಮೆಯಡಿ ಪರಿಹಾರ ಮಂಜೂರಾಗಿದ್ದರೆ ಮಾತ್ರ ನಿಂತುಹೋದ ವ್ಯಾಪಾರದ ಲಾಭವನ್ನು ತುಂಬಿಕೊಡಲಾಗುವುದು. ಅಂದರೆ ಲಾಕ್‌ಡೌನಿನ ಮೊದಲ ದಿನವೇ ನನ್ನ ಅಡುಗೆಮನೆ ಹೊತ್ತಿ ಉರಿದಿದ್ದರೆ ನಾನು ಪುಣ್ಯವಂತನಾಗುತ್ತಿದ್ದೆ. ಆಗಲಾದರೂ ಕೊಡುತ್ತಿದ್ದರೆಂಬ ಭರವಸೆ ನನಗಿಲ್ಲ. ಸರ್ಕಾರ ಹೇಗೂ ಮುಚ್ಚಿಸಿತ್ತಲ್ಲ, ವ್ಯಾಪಾರವೇ ಇಲ್ಲದ ಮೇಲೆ ಲಾಭ ಎಲ್ಲಿಯದು ಎಂದು ಕೇಳುತ್ತಿದ್ದರು.

ಅದೇ ಪತ್ರದಲ್ಲಿರುವ ಎರಡನೇ ಕಾರಣ ಇನ್ನೂ ಸೊಗಸಾಗಿದೆ. ಪಾರ್ಸೆಲ್‌ಗೆ ಅವಕಾಶವಿದ್ದುದರಿಂದ ನನ್ನ ವ್ಯಾಪಾರ ಪೂರ್ಣವಾಗಿ ನಿಂತೇ ಇರಲಿಲ್ಲವಂತೆ. ಇದನ್ನು ಬರೆದವರು ದಾವಣಗೆರೆಯಲ್ಲಿ ಒಂದು ಬೆಣ್ಣೆ ದೋಸೆಯನ್ನೂ ತಿಂದವರಲ್ಲ. ಸೌದೆ ಒಲೆಯ ಕಾವಲಿಯಿಂದ ಎತ್ತಿದ ದೋಸೆ ತಟ್ಟೆಗೆ ಬಿದ್ದು, ಮೇಲಿನ ಬೆಣ್ಣೆ ಪೂರ್ತಿ ಕರಗುವ ಮುನ್ನ ಬಾಯಿಗೆ ಹೋಗಬೇಕು. ಕಾಗದದಲ್ಲಿ ಸುತ್ತಿ ಕಟ್ಟಿಕೊಟ್ಟರೆ ತನ್ನದೇ ಹಬೆಗೆ ಮೆತ್ತಗಾಗಿ, ನಿಟುವಳ್ಳಿ ತಲುಪುವಷ್ಟರಲ್ಲಿ ಒದ್ದೆ ಬಟ್ಟೆಯಂತಾಗಿರುತ್ತದೆ. ಹೊರಗೆ ಬಂದವರ ವಾಹನಗಳನ್ನು ಪೊಲೀಸರು ಜಪ್ತಿ ಮಾಡುತ್ತಿದ್ದ ದಿನಗಳಲ್ಲಿ ಅಂಥ ದೋಸೆಗಾಗಿ ಯಾರು ಬೈಕು ಹತ್ತಿ ಬರುತ್ತಾರೆ ಎಂಬುದನ್ನು ಕಂಪನಿಯವರೇ ತಿಳಿಸಬೇಕು.

ಬ್ರಿಟನ್‌ನಲ್ಲಿ ಇದೇ ತಕರಾರು ಎದ್ದಾಗ ಅಲ್ಲಿನ ಹಣಕಾಸು ನಿಯಂತ್ರಣ ಸಂಸ್ಥೆಯೇ ಸಣ್ಣ ವ್ಯಾಪಾರಿಗಳ ಪರವಾಗಿ ವಿಮಾ ಕಂಪನಿಗಳನ್ನು ನ್ಯಾಯಾಲಯಕ್ಕೆ ಎಳೆಯಿತು. 2021ರ ಜನವರಿ 15ರಂದು ಅಲ್ಲಿನ ಸುಪ್ರೀಂ ಕೋರ್ಟ್ ಬಹುಮಟ್ಟಿಗೆ ಪಾಲಿಸಿದಾರರ ಪರವಾಗಿ ತೀರ್ಪು ನೀಡಿ, ಸಾಂಕ್ರಾಮಿಕದಿಂದ ವ್ಯಾಪಾರ ಹೇಗಿದ್ದರೂ ಬೀಳುತ್ತಿತ್ತು ಎಂಬ ವಾದವನ್ನೂ ತಳ್ಳಿಹಾಕಿತು. ಅಲ್ಲಿನ ಆ ಪಾಲಿಸಿಗಳಲ್ಲಿ ರೋಗ ಹರಡಿದಾಗ ಅಥವಾ ಸರ್ಕಾರ ಪ್ರವೇಶ ನಿರ್ಬಂಧಿಸಿದಾಗ ಅನ್ವಯವಾಗುವ ಷರತ್ತುಗಳಿದ್ದವು, ನಮ್ಮ ಪಾಲಿಸಿಯಲ್ಲಿ ಅವಿಲ್ಲ ಎಂಬುದು ನನಗೂ ಗೊತ್ತಿದೆ. ಅಂಥದ್ದೊಂದು ರಕ್ಷಣೆ ಇರಬಹುದೆಂದು ಹಣ ಪಡೆಯುವ ಮುನ್ನ ನಮಗೆ ಯಾರು ಹೇಳಿದರು? ಅಲ್ಲಿ ನಿಯಂತ್ರಕರು ವ್ಯಾಪಾರಿಯ ಪಕ್ಕದಲ್ಲಿ ನಿಂತರು. ಇಲ್ಲಿ ಅಧಿಕಾರಿಗಳು ಕಂಪನಿಯವರ ಪಕ್ಕದಲ್ಲಿ ಕುಳಿತು ಬಾದಾಮಿ ಹಾಲು ಕುಡಿದು ಹೋದರು.

ಓದದೆ ಸಹಿ ಹಾಕಿದರೆಂಬ ಮಾತಿಗೆ ಬರೋಣ. ಪಾಲಿಸಿಯ ಪುಸ್ತಿಕೆ ಅಂಚೆಯಲ್ಲಿ ಬಂದದ್ದೇ ಹಣ ಕಟ್ಟಿದ ಮೇಲೆ. ಅದೂ ಇರುವೆ ಸಾಲಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ. ಹೋಟೆಲಿನ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡವಿದೆಯೇ ಎಂದು ನೋಡಲು ಅಳತೆಪಟ್ಟಿ ಹಿಡಿದು ಬರುವವರಿಗೆ, ನಮ್ಮ ಜೀವನವನ್ನೇ ನಿರ್ಧರಿಸುವ ಈ ಕಾಗದದಲ್ಲಿ ಒಂದು ಸಾಲು ಕನ್ನಡವೂ ಇಲ್ಲದ್ದು ಕಾಣುವುದಿಲ್ಲ. ಮುಚ್ಚಿದ ತಿಂಗಳುಗಳಿಗೂ ಪರವಾನಗಿ ಶುಲ್ಕ ವಸೂಲು ಮಾಡುವಾಗ ಯಾವ ಕಚೇರಿಗೂ ಷರತ್ತು ಓದುವ ಅಗತ್ಯ ಬೀಳಲಿಲ್ಲ. ಕೋವಿಡ್‌ಗೂ ಹಿಂದೆ ಮಳೆ ನೀರು ಉಗ್ರಾಣಕ್ಕೆ ನುಗ್ಗಿ ಅಕ್ಕಿ, ಉದ್ದು ನೆನೆದಾಗ, ನಷ್ಟದ ಅಂದಾಜು ಮಾಡುವ ವಿಮಾ ಸರ್ವೇಯರ್ ಸಾಹೇಬರು ಎಲ್ಲ ಒಣಗಿದ ಮೇಲೆ ಬಂದು ನೀರು ಎಲ್ಲಿ ಎಂದು ಕೇಳಿದ್ದರು. ಸರ್ವೇಯರ್ ವರದಿ ಬಂದ 30 ದಿನಗಳೊಳಗೆ ಕಂಪನಿ ತೀರ್ಮಾನ ತಿಳಿಸಬೇಕೆಂದು ಆಗ ನಿಯಮವಿತ್ತು. ನನಗೆ ಸಿಕ್ಕಿದ್ದು ಹೆಚ್ಚುವರಿ ದಾಖಲೆ ಕೇಳುವ ಪತ್ರಗಳ ಸರಮಾಲೆ. ವಿಮಾ ನಿಯಂತ್ರಣ ಪ್ರಾಧಿಕಾರವು ಸಾಂಕ್ರಾಮಿಕದ ಅಪಾಯಕ್ಕೆಂದೇ ಪ್ರತ್ಯೇಕ ನಿಧಿ ಸ್ಥಾಪಿಸುವ ಕುರಿತು 2020ರಲ್ಲಿಯೇ ಕಾರ್ಯತಂಡ ರಚಿಸಿತ್ತು. ನನ್ನ ಗಲ್ಲಾಪೆಟ್ಟಿಗೆಯವರೆಗೆ ಬಂದದ್ದು ಮಾತ್ರ ಪಾಲಿಸಿ ನವೀಕರಣದ ಸಂದೇಶ. ಅದನ್ನು ಕಟ್ಟದೆ ಇರುವಂತೆಯೂ ಇಲ್ಲ, ಏಕೆಂದರೆ ಅಗ್ನಿ ವಿಮೆ ಇಲ್ಲದಿದ್ದರೆ ಬ್ಯಾಂಕು ಸಾಲ ಮುಂದುವರಿಸುವುದಿಲ್ಲ.

ಜಿಲ್ಲಾಡಳಿತ ಕೂಡಲೇ ಮಧ್ಯಪ್ರವೇಶಿಸಿ, ತಿರಸ್ಕೃತವಾದ ಕ್ಲೇಮುಗಳೆಲ್ಲವನ್ನೂ ಮರುಪರಿಶೀಲಿಸುವಂತೆ ಕಂಪನಿಗಳಿಗೆ ತಾಕೀತು ಮಾಡಬೇಕು. ಅದಾಗದಿದ್ದರೆ ಮುಚ್ಚಿದ ಅವಧಿಯ ಪ್ರೀಮಿಯಂ ಹಣವನ್ನಾದರೂ ಬಡ್ಡಿ ಸಹಿತ ವಾಪಸು ಕೊಡಿಸಬೇಕು, ಸಾಧ್ಯವಾದರೆ ಎರಡನ್ನೂ ಮಾಡಬೇಕು. ಇದು ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆನ್ನುವ ಅಧಿಕಾರಿಗಳು, ಯಾವುದು ತಮ್ಮ ವ್ಯಾಪ್ತಿಗೆ ಬರುತ್ತದೆ ಎಂಬುದನ್ನು ಕಚೇರಿಯ ಬಾಗಿಲಲ್ಲಿ ಕನ್ನಡದಲ್ಲಿ ಬರೆಸಿ ಹಾಕಲಿ. ಸಂಬಂಧಪಟ್ಟವರು ಇನ್ನಾದರೂ ಸೂಕ್ತ ಕ್ರಮ ಕೈಗೊಳ್ಳಲಿ. ಕೈಲಾಗದವರು ಕುರ್ಚಿ ಖಾಲಿ ಮಾಡಲಿ.

– ನೊಂದ ಹೋಟೆಲ್ ಮಾಲೀಕ, ಮಂಡಿಪೇಟೆ, ದಾವಣಗೆರೆ