ಹಿರಿಯರನ್ನು ಮಲಗಿಸಿ ಗಂಜಿ ಕೊಟ್ರೆ ಸ್ನಾಯು ಉಳಿಯೋದಿಲ್ಲ

ಸಂಪಾದಕರಿಗೆ ನಮಸ್ಕಾರ,

ನಮ್ಮ ಕಾಸರಗೋಡಿನ ಕಡೆ ವಯಸ್ಸಾದವರು ಬಿದ್ದೋ ಜ್ವರ ಬಂದೋ ಆಸ್ಪತ್ರೆ ಸೇರಿ ಮನೆಗೆ ವಾಪಸ್ ಬಂದ್ರೆ ನೋಡ್ಲಿಕ್ಕೆ ಬಂದವರೆಲ್ಲ ಹೇಳುವುದು ಒಂದೇ, ಇನ್ನು ಏಳ್ಲಿಕ್ಕೆ ಬಿಡ್ಬೇಡಿ, ಮಲಗಿರ್ಲಿ, ಗಂಜಿ ಕೊಡಿ ಸಾಕು ಅಂತ. ಪ್ರೀತಿಯಿಂದಲೇ ಹೇಳ್ತಾರೆ. ಆದ್ರೆ ಈ ಎರಡೂ ಒಟ್ಟು ಸೇರಿದ್ರೆ ದೇಹದ ಒಳಗೆ ಎಂತ ಆಗ್ತದೆ ಅಂತ ತಿಳಿಸುವಾ ಅಂತ ಬರೀತಾ ಇದ್ದೇನೆ. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವವಳು, ಮನೆಯಲ್ಲಿ ಸೊಂಟದ ಆಪರೇಷನ್ ಆದ ಅತ್ತೆ ಇದ್ದಾರೆ.

ಸ್ನಾಯು ಅಂದ್ರೆ ಒಮ್ಮೆ ಬೆಳೆದು ಹಾಗೇ ಇರುವ ವಸ್ತು ಅಲ್ಲ. ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಕೆರೆಗೆ ಬೀಳ್ತಾ ಇರ್ತದೆ, ಅತ್ತ ತೋಟಕ್ಕೆ ಹೋಗ್ತಾನೂ ಇರ್ತದೆ, ಬರುವುದು ಕಡಿಮೆ ಆದ್ರೆ ಮಾತ್ರ ಕೆರೆ ಇಳಿದದ್ದು ಕಣ್ಣಿಗೆ ಬೀಳ್ತದಲ್ವಾ, ಸ್ನಾಯುವಿನ ಪ್ರೋಟೀನಿನ ಕಥೆಯೂ ಅದೇ. ದಿನಾ ಹೊಸ ಪ್ರೋಟೀನ್ ತಯಾರಾಗ್ತದೆ, ಹಳೆಯದು ಒಡೆದು ಹೋಗ್ತದೆ. ಯಾವುದು ಜಾಸ್ತಿ ಆಗ್ಬೇಕು ಅಂತ ತೀರ್ಮಾನ ಮಾಡುವುದು ಜೀವಕೋಶಕ್ಕೆ ಬರುವ ಸಂಕೇತಗಳು.

ತಯಾರಿಯ ಕಡೆ ಮುಖ್ಯಸ್ಥ ಎಂಟಾರ್ ಅನ್ನುವ ಒಂದು ಪ್ರೋಟೀನ್. ಅದು ಗೊತ್ತಾದದ್ದೂ ಒಂದು ಔಷಧಿಯ ಹಿಂದೆ ಹೋಗಿ. 1964ರಲ್ಲಿ ಪೆಸಿಫಿಕ್ ಸಾಗರದ ರಾಪಾ ನುಯಿ ದ್ವೀಪದಿಂದ ತಂದ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಸಿಕ್ಕಿದ ರಾಪಾಮೈಸಿನ್ ಅನ್ನುವ ಔಷಧಿಯ ಬಗ್ಗೆ ಭಾರತ ಮೂಲದ ವಿಜ್ಞಾನಿ ಸುರೇಂದ್ರನಾಥ ಸೆಹಗಲ್ ಮತ್ತು ಅವರ ಜೊತೆಯವರು 1975ರಲ್ಲಿ ವರದಿ ಮಾಡಿದ್ರು, ಅದು ಜೀವಕೋಶದಲ್ಲಿ ಯಾವುದನ್ನು ಹಿಡಿದು ನಿಲ್ಲಿಸ್ತದೆ ಅಂತ ಹುಡುಕ್ತಾ ಹೋದಾಗ ಸಿಕ್ಕಿದ್ದೇ ಈ ಎಂಟಾರ್. ನಮ್ಮ ಮಕ್ಕಳಿಗೆ ಸೆಹಗಲ್ ಹೆಸರು ಗೊತ್ತಿಲ್ಲದೆ ಇರುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಎಂಟಾರ್ ಚುರುಕಾಗ್ಲಿಕ್ಕೆ ಬೇರೆ ಬೇರೆ ಕಡೆಯಿಂದ ಸುದ್ದಿ ಬರ್ಬೇಕು. ಊಟ ಮಾಡಿದಾಗ ಏರುವ ಇನ್ಸುಲಿನ್, ಹಾಗೆಯೇ ಐಜಿಎಫ್-1 ಅನ್ನುವ ಬೆಳವಣಿಗೆಯ ಅಂಶ, ಇವು ಎಕೆಟಿ ಅನ್ನುವ ಕಿಣ್ವದ ಮೂಲಕ ಅದನ್ನು ಎಬ್ಬಿಸ್ತವೆ. ಪ್ರೋಟೀನ್ ಜೀರ್ಣ ಆಗಿ ಬರುವ ಅಮೈನೋ ಆಮ್ಲಗಳಲ್ಲಿ ಲ್ಯೂಸಿನ್ ಅನ್ನುವುದು ಕಚ್ಚಾವಸ್ತುವೂ ಹೌದು, ಸಂಕೇತವೂ ಹೌದು. ಇನ್ನೊಂದು ಭಾರ, ಅಂದ್ರೆ ಸ್ನಾಯು ಎಳೆದಾಗ ಬಿಗಿದಾಗ ಆಗುವ ಒತ್ತಡ. ಇವೆಲ್ಲ ಬಂದ್ರೆ ಎಂಟಾರ್ ಜೀವಕೋಶದಲ್ಲಿ ಪ್ರೋಟೀನ್ ಕಟ್ಟುವ ರೈಬೋಸೋಮುಗಳಿಗೆ ಕೆಲಸ ಹಚ್ಚುತ್ತದೆ, ಹೊಸ ಪ್ರೋಟೀನ್ ಕಟ್ಟುವ ವೇಗ ಏರ್ತದೆ. ಇನ್ನು ಒಡೆಯುವ ಕಡೆ, ಎಕೆಟಿ ಸುಮ್ಮನಾದ್ರೆ ಅದು ತಡೆದಿಟ್ಟ ಫಾಕ್ಸ್ಓ ಅನ್ನುವ ಪ್ರೋಟೀನ್ ಬಿಡುಗಡೆ ಆಗಿ ಕೋಶಕೇಂದ್ರಕ್ಕೆ ಹೋಗಿ ಅಟ್ರೋಜಿನ್-1, ಮರ್ಫ್-1 ಅನ್ನುವ ವಂಶವಾಹಿಗಳನ್ನು ಆನ್ ಮಾಡ್ತದೆ, ಇವುಗಳಿಂದ ತಯಾರಾಗುವ ಕಿಣ್ವಗಳು ಸ್ನಾಯುವಿನ ಪ್ರೋಟೀನಿಗೆ ಯುಬಿಕ್ವಿಟಿನ್ ಅನ್ನುವ ಪುಟ್ಟ ಪ್ರೋಟೀನಿನ ಗುರುತು ಹಚ್ಚಿ ಒಡೆಯುವ ಜಾಗಕ್ಕೆ ಕಳಿಸ್ತವೆ. ಈ ಯುಬಿಕ್ವಿಟಿನ್ ವ್ಯವಸ್ಥೆ ಕಂಡು ಹಿಡಿದವರಿಗೆ 2004ರ ರಸಾಯನಶಾಸ್ತ್ರ ನೊಬೆಲ್ ಬಂದಿದೆ. ಕಾಯಿಲೆ ಬಿದ್ದಾಗ ಏರುವ ಕಾರ್ಟಿಸೋಲ್ ಅನ್ನುವ ಹಾರ್ಮೋನ್ ಕೂಡ ಒಡೆಯುವ ಕಡೆಗೇ ಸಹಾಯ ಮಾಡ್ತದೆ.

ಈಗ ಮಲಗಿದವರನ್ನು ಯೋಚನೆ ಮಾಡಿ. ಭಾರದ ಸುದ್ದಿ ಇಲ್ಲ, ಲ್ಯೂಸಿನ್ ಕಡಿಮೆ, ಕಾರ್ಟಿಸೋಲ್ ಜಾಸ್ತಿ. 2007ರಲ್ಲಿ ಪ್ರಕಟ ಆದ ಅಮೆರಿಕದ ಒಂದು ಅಧ್ಯಯನದಲ್ಲಿ ಯಾವ ಕಾಯಿಲೆಯೂ ಇಲ್ಲದ ಹಿರಿಯರನ್ನು 10 ದಿನ ಮಲಗಿಸಿದ್ರು, ಕಾಲಿನಲ್ಲೇ ಹೆಚ್ಚುಕಡಿಮೆ 1 ಕಿಲೋದಷ್ಟು ಕೊಬ್ಬಿಲ್ಲದ ತೂಕ ಹೋಯ್ತು, ಸ್ನಾಯುವಿನಲ್ಲಿ ಪ್ರೋಟೀನ್ ತಯಾರಿ ಸುಮಾರು 30 ಶೇಕಡಾ ಇಳೀತು. ಅವರಿಗೆ ಊಟ ಸರಿಯಾಗಿಯೇ ಕೊಡ್ತಾ ಇದ್ರು. ಹಾಗಾದ್ರೆ ನಿಜವಾಗಿ ಕಾಯಿಲೆ ಆಗಿ ಗಂಜಿ ಉಪ್ಪಿನಕಾಯಿಯಲ್ಲೇ ಇರುವವರಿಗೆ ಎಷ್ಟು ಹೋಗ್ಬಹುದು!

ವಯಸ್ಸಾದ ಹಾಗೆ ಅದೇ ಊಟಕ್ಕೆ ಸ್ನಾಯು ಕೊಡುವ ಉತ್ತರವೂ ಕಡಿಮೆ ಆಗ್ತದೆ, ಅದಕ್ಕೇ ತಜ್ಞರು ಹಿರಿಯರಿಗೆ ಒಂದು ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಅಂತಾರೆ. 50 ಕಿಲೋ ಇದ್ದವರಿಗೆ 50-60 ಗ್ರಾಂ. ಮೂರು ಹೊತ್ತು ಬರೀ ಕುಚ್ಚಲಕ್ಕಿ ಗಂಜಿ ಉಂಡ್ರೆ ಅದರ ಅರ್ಧವೂ ಆಗೋದಿಲ್ಲ. ಅದಕ್ಕೆ ದುಬಾರಿ ಪೌಡರ್ ಡಬ್ಬ ಬೇಡ, ಗಂಜಿಯ ಜೊತೆಗೆ ಹೆಸರುಕಾಳು, ಹುರುಳಿ, ಮೊಸರು, ತಿನ್ನುವವರಾದ್ರೆ ಬೂತಾಯಿ ಬಂಗುಡೆ, ಮೊಟ್ಟೆ, ಪ್ರತಿ ಹೊತ್ತೂ ಸ್ವಲ್ಪ ಸ್ವಲ್ಪ ಇರ್ಲಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಏರಿಸ್ಬಾರದು.

ಆದ್ರೆ ಊಟ ಒಂದರಿಂದಲೇ ಆಗೋದಿಲ್ಲ, ಇದನ್ನು ಒತ್ತಿ ಹೇಳ್ತೇನೆ. 1994ರಲ್ಲಿ ವೃದ್ಧಾಶ್ರಮದಲ್ಲಿದ್ದ 100 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ, ಅವರ ಸರಾಸರಿ ವಯಸ್ಸು 87, ಭಾರದ ವ್ಯಾಯಾಮ ಮಾಡಿದವರ ಕಾಲಿನ ಶಕ್ತಿ 10 ವಾರದಲ್ಲಿ ಇಮ್ಮಡಿಗಿಂತ ಹೆಚ್ಚಾಯ್ತು, ಬರೀ ಪೌಷ್ಟಿಕ ಪಾನೀಯ ಕುಡಿದವರಿಗೆ ಅಂಥ ಲಾಭ ಆಗ್ಲಿಲ್ಲ. ನಮ್ಮ ಅತ್ತೆಗೆ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟದ್ದು ದೊಡ್ಡ ಸಂಗತಿ ಏನಲ್ಲ. ಕೈ ಇರುವ ಗಟ್ಟಿ ಕುರ್ಚಿ ಗೋಡೆಗೆ ತಾಗಿಸಿಟ್ಟು, ಪಾದ ಸ್ವಲ್ಪ ಹಿಂದೆ ಎಳೆದು, ಮುಂದೆ ಬಾಗಿ ಎದ್ದು ನಿಲ್ಲುವುದು, ಮತ್ತೆ ದೊಪ್ಪನೆ ಬೀಳದೆ ನಿಧಾನಕ್ಕೆ ಕೂರುವುದು. ಆ ನಿಧಾನಕ್ಕೆ ಕೂರುವಾಗಲೇ ತೊಡೆ ನಡುಗ್ತದೆ, ಸ್ನಾಯುವಿಗೆ ಬೇಕಾದ ಭಾರ ಅದೇ. ಕಾಲಿಗೆ ಭಾರ ಹಾಕ್ಬಹುದು ಅಂತ ಡಾಕ್ಟರು ಹೇಳಿದ ಮೇಲೆ ಮಾಡ್ಬೇಕಾದ್ದು.

ಇಷ್ಟನ್ನು ಹೇಳುವ ಚೀಟಿ ಆಸ್ಪತ್ರೆಯಲ್ಲಿ ಕೊಟ್ಟಿದ್ರು, ಆದ್ರೆ ಮಲಯಾಳದಲ್ಲಿ. ಗಡಿ ದಾಟಿ ಮಂಗಳೂರಿಗೆ ಹೋದ್ರೆ ಇಂಗ್ಲಿಷಿನಲ್ಲಿ ಕೊಡ್ತಾರೆ. ದಿನಾ ಪೇಪರನ್ನು ಮೊದಲ ಪುಟದಿಂದ ಕೊನೆ ತನಕ ಓದುವ ಅತ್ತೆಗೆ ತನ್ನ ಕಾಲಿನ ಬಗ್ಗೆ ಬರೆದದ್ದನ್ನು ಓದ್ಲಿಕ್ಕೆ ಆಗೋದಿಲ್ಲ ಅಂದ್ರೆ ಇದು ಸಣ್ಣ ವಿಷಯ ಅಂತ ನಾನು ಒಪ್ಪೋದಿಲ್ಲ. ಮಂಜೇಶ್ವರ, ಕಾಸರಗೋಡು ತಾಲೂಕಿನ ಕನ್ನಡದ ಮನೆಗಳಲ್ಲಿ ಇಂಥ ಹಿರಿಯರು ತುಂಬಾ ಮಂದಿ ಇದ್ದಾರೆ. ಪಂಚಾಯತಿನ ಪಾಲಿಯೇಟಿವ್ ನರ್ಸ್‌ಗಳು, ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋಗ್ತಾರಲ್ವಾ, ಅವರ ಕೈಗೆ ಕನ್ನಡದ ಒಂದು ಚೀಟಿ ಕೊಟ್ರೆ ಸಾಕು. ಆರೋಗ್ಯ ಇಲಾಖೆಯವರು ಮಲಯಾಳದ್ದನ್ನು ಕೊಟ್ರೆ ಕನ್ನಡಕ್ಕೆ ಮಾಡಿಕೊಡ್ಲಿಕ್ಕೆ ನಾನು ತಯಾರಿದ್ದೇನೆ. ಅಷ್ಟರ ತನಕ ತಮ್ಮ ಭಾನುವಾರದ ಪುರವಣಿಯಲ್ಲಿ ಒಬ್ಬರು ಫಿಸಿಯೋಥೆರಪಿಸ್ಟ್ ಹತ್ರ ಚಿತ್ರ ಸಮೇತ ಬರೆಸಿ, ಅಕ್ಷರ ಸ್ವಲ್ಪ ದೊಡ್ಡದಾಗಿ ಹಾಕಿ ಅಂತ ಕೇಳಿಕೊಳ್ತೇನೆ.

— ಜೀವಶಾಸ್ತ್ರ ಅಧ್ಯಾಪಕಿ, ಬದಿಯಡ್ಕ